ಕಂಬಿಗಳ ಹಿಂದಿನ ಮನಸ್ಸು: ಎಣಿಸಿದವರು ಯಾರು?



ಶಿವಮೊಗ್ಗದ ವಿದ್ಯಾನಗರದಲ್ಲಿರುವ ನಿಮಗೆ ಸೋಗಾನೆಯ ಕೇಂದ್ರ ಕಾರಾಗೃಹ ಬಹಳ ದೂರವೇನಲ್ಲ. ಜೈಲಿಗೆ ಬಂದವರ ಹೆಸರು, ಊರು, ಎತ್ತರ, ಮೈಮೇಲಿನ ಮಚ್ಚೆ ಎಲ್ಲವನ್ನೂ ಬರೆದಿಡುವುದು ಹಳೆಯ ಪದ್ಧತಿ. ಆದರೆ ಮನಸ್ಸಿನ ಸ್ಥಿತಿಯನ್ನು ಬರೆದಿಟ್ಟವರು ಯಾರು?

ಬೆಂಗಳೂರಿನಲ್ಲಿ 1847ರಲ್ಲೇ ಹುಚ್ಚಾಸ್ಪತ್ರೆ ಆರಂಭವಾಯಿತು. 1925ರಲ್ಲಿ ಅದು ‘ಮಾನಸಿಕ ಆಸ್ಪತ್ರೆ’ಯಾಯಿತು, 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸೇರಿತು. ಹೆಸರು ಬದಲಾದಷ್ಟು ಬೇಗ ರೂಢಿ ಬದಲಾಗಲಿಲ್ಲ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಹೇಳಿದ್ದು 1993ರಲ್ಲಿ, ಶೀಲಾ ಬರ್ಸೆ ಪ್ರಕರಣದಲ್ಲಿ.

ಬರೆದಿಟ್ಟರಷ್ಟೇ ಸಾಕೇ? ಅಸ್ಸಾಮಿನ ಮಚಾಲ್ ಲಾಲುಂಗ್ ಅವರ ಕಥೆ ಕೇಳಿ. 1951ರಲ್ಲಿ ಬಂಧಿತರಾದ ಅವರನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಲಾಯಿತು. ಗುಣವಾಗಿದ್ದಾರೆಂದು 1967ರಲ್ಲಿ ವೈದ್ಯರು ಬರೆದರು. ಆದರೆ ದೊರೆತದ್ದು ಬಿಡುಗಡೆಯಲ್ಲ, ಮತ್ತೆ ಜೈಲು. ವಿಚಾರಣೆಯಿಲ್ಲದೆ 54 ವರ್ಷ ಕಳೆದು, 2005ರಲ್ಲಿ ಅವರು ಹೊರಬಂದರು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು 5,024 ಕೈದಿಗಳನ್ನು ಪರೀಕ್ಷಿಸಿದರು. ವರದಿ 2011ರಲ್ಲಿ ಪ್ರಕಟವಾಯಿತು. ವ್ಯಸನಗಳನ್ನು ಬಿಟ್ಟು ಲೆಕ್ಕ ಹಾಕಿದರೂ 1,389 ಮಂದಿಗೆ, ಅಂದರೆ ಶೇ. 27.6ರಷ್ಟು ಜನರಿಗೆ, ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಇತ್ತೀಚಿನ ವಾರ್ಷಿಕ ಅಂಕಿಗಳಲ್ಲಾದರೋ ದೇಶದ ಜೈಲುಗಳ ಮನೋರೋಗಿಗಳ ಪ್ರಮಾಣ ಶೇ. 2ನ್ನೂ ಮುಟ್ಟುವುದಿಲ್ಲ.

ಏಕಿಷ್ಟು ಅಂತರ? ವಿಜ್ಞಾನ ಓದಿದವನಾಗಿ ನನಗೆ ತೋಚುವ ಉತ್ತರ ಇದು: ಫಲಿತಾಂಶ ಅಳೆಯುವ ರೀತಿಯನ್ನು ಅವಲಂಬಿಸಿದೆ. ಕೂಗಾಡುವವನ ಕಾಯಿಲೆ ಕಾವಲುಗಾರನಿಗೂ ಕಾಣುತ್ತದೆ. ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕುಳಿತವನ ಖಿನ್ನತೆ, ಯಾರಾದರೂ ಪಕ್ಕದಲ್ಲಿ ಕುಳಿತು ಕೇಳಿದರೆ ಮಾತ್ರ ತಿಳಿಯುತ್ತದೆ. ಕೇಳದಿದ್ದರೆ ಪುಸ್ತಕದಲ್ಲಿ ಸೊನ್ನೆ. ಸೊನ್ನೆಯಿದ್ದಲ್ಲಿ ಔಷಧಿಯೂ ಇಲ್ಲ, ವೈದ್ಯರೂ ಇಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 103ನೆಯ ಕಲಮಿನಂತೆ, ತಮ್ಮಲ್ಲಿ ಮನೋರೋಗಿ ಕೈದಿಗಳಿಲ್ಲವೆಂದು ಜೈಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪ್ರಮಾಣೀಕರಿಸಬೇಕು. ಇಂಥವರು ಜೈಲಿನಲ್ಲಿ ಕೊಳೆಯದೆ ಚಿಕಿತ್ಸೆಗೆ ಹೋಗಲಿ ಎಂಬುದೇ ಅದರ ಆಶಯ. ಆದರೆ ‘ಇಲ್ಲ’ ಎಂಬ ಮಾತನ್ನು ಎರಡು ರೀತಿಯಲ್ಲಿ ಬರೆಯಬಹುದು: ಹುಡುಕಿ ನೋಡಿ, ಅಥವಾ ಹುಡುಕದೆಯೇ.

ನಾಳೆ ನಿಮ್ಮಲ್ಲೇ ಒಬ್ಬರು ವೈದ್ಯರೋ ವಕೀಲರೋ ಜೈಲು ಅಧಿಕಾರಿಯೋ ಆಗಬಹುದು. ಆ ಪುಸ್ತಕ ನಿಮ್ಮ ಮುಂದೆ ಬಂದಾಗ, ಸಹಿ ಹಾಕುವ ಮುನ್ನ ಲಾಲುಂಗ್ ಅವರನ್ನು ನೆನೆಯಿರಿ.