ಗಣರಾಜ್ಯವಾದದ ಸ್ವಾತಂತ್ರ್ಯ ಕಲ್ಪನೆ

ಇನ್ನೊಬ್ಬರ ಮರ್ಜಿಗೆ ಸಿಕ್ಕಿಕೊಳ್ಳದೆ ಬಾಳುವುದೇ ಸ್ವಾತಂತ್ರ್ಯ ಎನ್ನುವ ರಾಜಕೀಯ ಚಿಂತನೆಯೇ ಗಣರಾಜ್ಯವಾದ. ದಯಾಳು ಒಡೆಯನ ಗುಲಾಮ ಬದುಕಿಡೀ ಒಂದು ಏಟೂ ತಿನ್ನದಿರಬಹುದು. ಹೊಡೆಯುವ ಅಧಿಕಾರ ಒಡೆಯನ ಕೈಯಲ್ಲಿರುವ ತನಕ ಅವನು ಗುಲಾಮನೇ ಎಂಬುದು ಇದರ ತಿರುಳು.

ಇದರ ಬೇರು ರೋಮ್‌ನಲ್ಲಿದೆ. ಸಂಪ್ರದಾಯದ ಪ್ರಕಾರ ಕ್ರಿ.ಪೂ. 509ರಲ್ಲಿ ಕೊನೆಯ ಅರಸ ಟಾರ್ಕ್ವಿನ್‌ನನ್ನು ಓಡಿಸಿದ ರೋಮನ್ನರು ಅವನ ಅಧಿಕಾರವನ್ನು ಇಬ್ಬರು ಕಾನ್ಸಲ್‌ಗಳಿಗೆ ಹಂಚಿದರು. ಅವಧಿ ಒಂದೇ ವರ್ಷ. ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದಿತ್ತು. ಸಾಮಾನ್ಯರ ರಕ್ಷಣೆಗೆ ಟ್ರಿಬ್ಯೂನರು ಬಂದರು. ಮರಣದಂಡನೆಯ ವಿರುದ್ಧ ಜನಸಭೆಗೆ ಮೊರೆಹೋಗುವ ಹಕ್ಕೂ ಬಂತು. ಗುಲಾಮರ ದುಡಿಮೆಯನ್ನೇ ನೆಚ್ಚಿದ್ದ ನಗರ ಗುಲಾಮಗಿರಿಯ ಕೆಡುಕನ್ನು ಇಷ್ಟು ಚೆನ್ನಾಗಿ ಅರಿತದ್ದು ತನ್ನ ನಾಗರಿಕರ ಮಟ್ಟಿಗೆ ಮಾತ್ರ.

ರೋಮನ್ ಇತಿಹಾಸಕಾರ ಲಿವಿಯ ಚರಿತ್ರೆಯನ್ನು ಆಧರಿಸಿ ಫ್ಲಾರೆನ್ಸಿನ ಮ್ಯಾಕಿಯಾವೆಲ್ಲಿ ಬರೆದ 'ಡಿಸ್ಕೋರ್ಸಿ' ಅವನ ಮರಣಾನಂತರ, 1531ರಲ್ಲಿ, ಅಚ್ಚಾಯಿತು. ಶ್ರೀಮಂತರಿಗೂ ಜನಸಾಮಾನ್ಯರಿಗೂ ನಡೆದ ಜಗಳ ರೋಮನ್ನು ಕೆಡಿಸಲಿಲ್ಲ, ಸ್ವಾತಂತ್ರ್ಯ ಕಾಯುವ ಕಾನೂನುಗಳು ಹುಟ್ಟಿದ್ದೇ ಆ ಜಗಳದಿಂದ ಎಂದು ಅವನು ವಾದಿಸಿದ. ಅವನ 'ದಿ ಪ್ರಿನ್ಸ್' ಒಂದನ್ನೇ ಓದಿದವರಿಗೆ ಈ ಮ್ಯಾಕಿಯಾವೆಲ್ಲಿಯ ಪರಿಚಯವಿರುವುದಿಲ್ಲ.

ಈ ವಿಚಾರದ ಮೇಲೆ ಅತ್ಯಂತ ಹರಿತವಾದ ವಾಗ್ವಾದ ನಡೆದದ್ದು ಇಂಗ್ಲೆಂಡಿನಲ್ಲಿ. ಗಣರಾಜ್ಯವಾಗಿದ್ದ ಇಟಲಿಯ ಲುಕ್ಕಾ ನಗರ ತನ್ನ ಗೋಪುರಗಳ ಮೇಲೆ ಸ್ವಾತಂತ್ರ್ಯವೆಂದು ಬರೆದುಕೊಂಡರೂ ಅಲ್ಲಿಯ ಪ್ರಜೆಗೆ ತುರ್ಕಿ ಸುಲ್ತಾನನ ಕಾನ್‌ಸ್ಟಾಂಟಿನೋಪಲ್‌ನ ಪ್ರಜೆಗಿಂತ ಹೆಚ್ಚಿನ ಸ್ವಾತಂತ್ರ್ಯವೇನಿಲ್ಲ ಎಂದು 1651ರಲ್ಲಿ ತತ್ತ್ವಜ್ಞಾನಿ ಹಾಬ್ಸ್ ಕೆಣಕಿದ. 1656ರ 'ಓಷಿಯಾನಾ'ದಲ್ಲಿ ಹ್ಯಾರಿಂಗ್ಟನ್ ಉತ್ತರ ಕೊಟ್ಟ: ತುರ್ಕಿಯ ಪಾಷಾ ಎಷ್ಟೇ ದೊಡ್ಡವನಾಗಲಿ, ಅವನ ಆಸ್ತಿಯಂತೆ ತಲೆಯೂ ಸುಲ್ತಾನನ ಇಚ್ಛೆಗೆ ಬಿಟ್ಟದ್ದು, ಲುಕ್ಕಾದ ಬಡವ ತಲೆಬಾಗುವುದು ಕಾನೂನಿಗಷ್ಟೇ.

ಅಮೆರಿಕದ ವಸಾಹತುಗಳನ್ನು ಎಲ್ಲ ವಿಷಯಗಳಲ್ಲೂ ಬಂಧಿಸುವ ಹಕ್ಕು ತನಗಿದೆ ಎಂದು ಬ್ರಿಟಿಷ್ ಪಾರ್ಲಿಮೆಂಟು 1766ರಲ್ಲಿ ಸಾರಿದಾಗ ಇದೇ ತರ್ಕ ಮರಳಿತು. ತೆರಿಗೆ ಎಷ್ಟೆಂಬುದು ಮುಖ್ಯವಲ್ಲ, ಮನಬಂದಂತೆ ಹೇರಬಲ್ಲ ಯಜಮಾನನಿರುವುದೇ ದಾಸ್ಯ ಎಂದು ಚಿಂತಕ ರಿಚರ್ಡ್ ಪ್ರೈಸ್ ಬರೆದ. ಗಂಡನ ಮರ್ಜಿಗೆ ಬಿದ್ದ ಹೆಂಡತಿಗೂ ಇದು ಸಲ್ಲಬೇಕೆಂದು 1792ರಲ್ಲಿ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಕೇಳಿದಳು. ಗಣರಾಜ್ಯವಾದಿ ಗಂಡಸರಲ್ಲಿ ಹೆಚ್ಚಿನವರು ಅಲ್ಲಿಯವರೆಗೆ ಹೋಗಿರಲಿಲ್ಲ.

ಯಾರೂ ಅಡ್ಡಬರದಿದ್ದರೆ ಅದೇ ಸ್ವಾತಂತ್ರ್ಯವೆಂದ ಬೆಂಥಾಮನ ಪಂಥದೆದುರು ಈ ವಿಚಾರ ಮಂಕಾಯಿತು. ಚಿಂತಕರಾದ ಫಿಲಿಪ್ ಪೆಟಿಟ್ (1997) ಮತ್ತು ಕ್ವೆಂಟಿನ್ ಸ್ಕಿನ್ನರ್ (1998) ಅದನ್ನು ಮತ್ತೆ ಚರ್ಚೆಗೆ ತಂದರು.

ಭಾರತದಲ್ಲಿ ಅಂಕೆಯಿಲ್ಲದ ಅಧಿಕಾರದ ಇದೇ ಪ್ರಶ್ನೆ, ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯ ಸುತ್ತ ಎದ್ದಿತು. 1989ರಲ್ಲಿ ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಲಾಯಿತು. ಬಹುಮತ ಸದನದಲ್ಲೇ ಸಾಬೀತಾಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟದ್ದು ಎಂದು 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಅಷ್ಟರಲ್ಲಿ ರಾಜ್ಯದಲ್ಲಿ ಹೊಸ ವಿಧಾನಸಭೆ ಬಂದಾಗಿತ್ತು.