ಹಿಲ್ಡೆಗಾರ್ಡಮ್ಮನವರ ಬಿಲ್ಲೆಗಳು

ಮನೆಯಲ್ಲಿ ಹಿಟ್ಟು ನಾದಿ, ಬಿಲ್ಲೆ ಕತ್ತರಿಸಿ, ಬಿಸ್ಕತ್ತು ಸುಡುವುದರಿಂದ ದಣಿದ ಮನಸ್ಸಿಗೆ ವಿಶ್ರಾಂತಿ ದೊರೆಯುತ್ತದೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಇದನ್ನು ನವನಾಗರಿಕತೆಯ ಆವಿಷ್ಕಾರವೆಂದು ಭಾವಿಸಬೇಕಾಗಿಲ್ಲ. ಬಿಲ್ಲೆಗೂ ಮನಶ್ಶಾಂತಿಗೂ ಸಂಬಂಧ ಕಲ್ಪಿಸಿದ ಬರಹವೊಂದು 12ನೆಯ ಶತಮಾನದಲ್ಲಿಯೇ, ಜರ್ಮನಿಯ ರೈನ್ ನದಿತೀರದ ಕನ್ಯಾಮಠವೊಂದರಲ್ಲಿ, ಲತೀನ್ ಭಾಷೆಯಲ್ಲಿ ರಚಿತವಾಯಿತು.

ಅದರ ಕರ್ತೃ ಸಂತ ಹಿಲ್ಡೆಗಾರ್ಡಮ್ಮನವರು. 1098ರಲ್ಲಿ ಜನಿಸಿದ ಇವರು ಎಳೆವಯಸ್ಸಿನಲ್ಲಿಯೇ ಬೆನೆಡಿಕ್ಟೈನ್ ಜೀವನಕ್ಕೆ ಸಮರ್ಪಿತರಾಗಿ, ಸುಮಾರು 1150ರಲ್ಲಿ ಬಿಂಗೆನ್ ಪಟ್ಟಣದ ಬಳಿಯ ರೂಪರ್ಟ್ಸ್‌ಬರ್ಗ್‌ನಲ್ಲಿ ತಮ್ಮದೇ ಮಠವನ್ನು ನೆಲೆಗೊಳಿಸಿದರು. ಅವರ ದರ್ಶನಗಳೂ ಗೀತೆಗಳೂ ಪ್ರಸಿದ್ಧ. 2012ರಲ್ಲಿ ಜಗದ್ಗುರು 16ನೆಯ ಬೆನೆಡಿಕ್ಟರು ಅವರನ್ನು ಧರ್ಮಸಭೆಯ ಆಚಾರ್ಯೆಯೆಂದು ಸಾರಿದರು. ಆದರೆ ಗಿಡ, ಮರ, ಶಿಲೆ, ಮೀನು, ಪಕ್ಷಿಗಳ ಗುಣಗಳನ್ನು ವಿವರಿಸುವ ಅವರ ‘ಫಿಸಿಕಾ’ ಗ್ರಂಥವನ್ನು ಬಲ್ಲವರು ಕಡಿಮೆ.

ಈ ಗ್ರಂಥದ ಮೊದಲ ಭಾಗದಲ್ಲಿ ಜಾಯಿಕಾಯಿಯ ಪ್ರಸ್ತಾಪ ಬರುತ್ತದೆ. ಜಾಯಿಕಾಯಿ, ಅದರ ಸಮತೂಕದ ದಾಲ್ಚಿನ್ನಿ, ತುಸು ಲವಂಗ. ಇವನ್ನು ಪುಡಿಮಾಡಿ ನಯವಾದ ಹಿಟ್ಟಿಗೂ ಸ್ವಲ್ಪ ನೀರಿಗೂ ಬೆರೆಸಿ ಪುಟ್ಟ ಬಿಲ್ಲೆಗಳನ್ನು ಮಾಡಿ ತಿನ್ನಬೇಕೆಂದು ಅವರು ವಿಧಿಸುತ್ತಾರೆ. ಹೃದಯದ ಮತ್ತು ಮನಸ್ಸಿನ ಕಹಿ ಇದರಿಂದ ಶಮನವಾಗಿ, ಮಂಕಾದ ಇಂದ್ರಿಯಗಳು ತೆರೆದು, ಚಿತ್ತ ಉಲ್ಲಸಿತವಾಗುವುದೆಂದು ಅವರ ನಂಬಿಕೆ. ಸಕ್ಕರೆಯಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ. ಇಂದಿನ ನಾಲಿಗೆಗೆ ಅದು ಸಪ್ಪೆಯಾದ, ಗಡಸಾದ ತಿಂಡಿಯೇ ಸರಿ!

ಸರಳವಾದರೂ ಇದು ಬಡವರ ತಿಂಡಿಯಾಗಿರಲಿಲ್ಲ. ರೂಪರ್ಟ್ಸ್‌ಬರ್ಗ್ ಕುಲೀನ ಮನೆತನದ ಕನ್ಯೆಯರ ಮಠ. ಇತರರಿಗೆ ಪ್ರವೇಶವಿಲ್ಲವೆಂಬ ಆಕ್ಷೇಪಣೆ ಆ ಕಾಲದಲ್ಲಿಯೇ ಎದ್ದಿತ್ತು. ಜಾಯಿಕಾಯಿ ಬೆಳೆಯುತ್ತಿದ್ದುದು ದೂರಪೂರ್ವದ ಬಾಂಡಾ ದ್ವೀಪಗಳಲ್ಲಿ. ಲವಂಗ ಅದರ ನೆರೆಯ ಮಲುಕು ದ್ವೀಪಗಳಲ್ಲಿ. ಹಿಂದೂ ಮಹಾಸಾಗರ, ಏಡನ್, ಕೆಂಪು ಸಮುದ್ರ, ಈಜಿಪ್ಟುಗಳನ್ನು ದಾಟಿ ಇಂತಹ ಸರಕು ಯೂರೋಪನ್ನು ಸೇರುತ್ತಿತ್ತು. ಈ ವ್ಯಾಪಾರದಲ್ಲಿ ನಮ್ಮ ಮಂಗಳೂರೂ ಪಾಲುಗೊಂಡಿತ್ತೆಂಬುದಕ್ಕೆ ಪ್ರಬಲ ಸಾಕ್ಷ್ಯವಿದೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಸುಮಾರು 1132ರಿಂದ 1149ರವರೆಗೆ ಅಲ್ಲಿ ನೆಲೆಸಿ ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಅವನ ಪತ್ರಗಳು ಕೈರೋ ನಗರದ ಯೆಹೂದಿ ಮಂದಿರವೊಂದರಲ್ಲಿ ದೊರೆತಿವೆ. ಅಮ್ಮನವರು ಮಠ ಕಟ್ಟಲು ಹೊರಟ ಹೊತ್ತಿಗೆ ಇವನು ಮಂಗಳೂರನ್ನು ಬಿಟ್ಟಿದ್ದನಷ್ಟೆ.

ಈಗ ಜರ್ಮನಿಯಲ್ಲಿ ‘ನರಗಳ ಬಿಸ್ಕತ್ತು’ ಎಂಬ ಹೆಸರಿನಿಂದ ಪ್ರಚಲಿತವಾಗಿರುವ ತಿಂಡಿಯನ್ನು ಅವರದೇ ಪಾಕವೆಂದು ಹೇಳುತ್ತಾರೆ. ಅದರಲ್ಲಿ ಬೆಣ್ಣೆ, ಸಕ್ಕರೆ, ಮೊಟ್ಟೆ, ಬಾದಾಮಿಗಳೂ ಸ್ಪೆಲ್ಟ್ ಎಂಬ ಪುರಾತನ ಗೋಧಿಯ ಹಿಟ್ಟೂ ಇರುತ್ತವೆ. ಸ್ಪೆಲ್ಟ್ ನಮ್ಮ ಉತ್ತರ ಕರ್ನಾಟಕದ ಜವೆಗೋಧಿಯ ಬಂಧು. ಅದು ಮನಸ್ಸನ್ನು ಹರ್ಷಗೊಳಿಸುವ ಧಾನ್ಯವೆಂದು ಅಮ್ಮನವರು ಹೊಗಳಿರುವುದು ನಿಜ. ಆದರೆ ಗ್ರಂಥದ ಬೇರೊಂದು ಕಡೆ. ಎರಡನ್ನು ಬೆಸೆದು ರುಚಿಗೊಳಿಸಿದ್ದು ನಂತರದವರ ಕೈ. ಸಂತರ ಹೆಸರಿನಲ್ಲಿ ಮಾರಾಟವಾಗುವುದೆಲ್ಲವೂ ಸಂತರದಾಗಿರುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಶಾಂತಿಯ ಕೀರ್ತಿಯನ್ನು ಅವರು ಸಲ್ಲಿಸಿದ್ದು ತಿನ್ನುವುದಕ್ಕೆ. ಸುಡುವ ಕೆಲಸದಿಂದ ನೆಮ್ಮದಿ ಬರುವುದೆಂದು ಅಲ್ಲಿ ಹೇಳಿಲ್ಲ. ಆದರೆ ಅವರು ಪಾಲಿಸಿದ ಸಂತ ಬೆನೆಡಿಕ್ಟರ ನಿಯಮಾವಳಿಯ 35ನೆಯ ಅಧ್ಯಾಯವು ಅಡುಗೆಮನೆಯ ಸೇವೆಯನ್ನು ಸರದಿಯಂತೆ ಹಂಚುತ್ತದೆ. 48ನೆಯ ಅಧ್ಯಾಯವು ಕೈಕೆಲಸಕ್ಕೂ ಪವಿತ್ರ ಪಠಣಕ್ಕೂ ದಿನದಲ್ಲಿ ಹೊತ್ತು ಗೊತ್ತುಮಾಡುತ್ತದೆ. ನನ್ನ ಮಟ್ಟಿಗೆ, ಬಿಲ್ಲೆಗಳ ಗುಣದಲ್ಲಿ ಅರ್ಧಪಾಲಾದರೂ ಆ ಹೊತ್ತಿಗೆ ಸಲ್ಲಬೇಕು.

ಮಾಡಬಯಸುವ ಗೃಹಿಣಿಯರಿಗೆ ಒಂದು ಎಚ್ಚರಿಕೆ. ಒಂದಿಡೀ ಜಾಯಿಕಾಯಿಯ ಪುಡಿ ಒಮ್ಮೆಗೇ ಹೊಟ್ಟೆ ಸೇರಿದರೆ ವಾಕರಿಕೆ, ಎದೆಬಡಿತ, ಚಿತ್ತಭ್ರಮೆ ಉಂಟಾಗಬಹುದು. ಒಂದು ಬೋಗುಣಿ ಹಿಟ್ಟಿಗೆ ಒಂದು ಚಿಟಿಕೆ ಸಾಕು; ಮಕ್ಕಳಿಗಾಗಿ ಮಾಡುವಾಗ ಇನ್ನೂ ಕಡಿಮೆ.