ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಟಿ43.6’ ಎಂದಿದ್ದರೆ ಡ್ರಗ್ಸ್ ಚಟವಿದೆ ಎಂದರ್ಥವೇ?

ಅಲ್ಲ. ಟಿ43.6 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯ ಒಂದು ಸಂಕೇತ. ಆಂಫೆಟಮಿನ್, ಮೀಥೈಲ್‌ಫೆನಿಡೇಟ್‌ನಂಥ ಉತ್ತೇಜಕಗಳು ದೇಹಕ್ಕೆ ವಿಷವಾಗಿವೆ ಎಂದಷ್ಟೇ ಅದು ಹೇಳುತ್ತದೆ. ಉತ್ತೇಜಕಗಳ ಚಟಕ್ಕೆ ಬೇರೆಯೇ ಸಂಕೇತವಿದೆ: ಎಫ್15.2.

ಕುಂದಗೋಳದ ಒಂದು ಮನೆ ಎಂದುಕೊಳ್ಳಿ. ಎಡಿಎಚ್‌ಡಿಗೆಂದು ಅಣ್ಣನಿಗೆ ಕೊಟ್ಟ ಮೀಥೈಲ್‌ಫೆನಿಡೇಟ್ ಗುಳಿಗೆಗಳನ್ನು ಪುಟ್ಟ ತಂಗಿ ನುಂಗಿ ವಿಷಬಾಧೆಯಾದರೆ ಟಿ43.6, ಜತೆಗೆ ‘ಆಕಸ್ಮಿಕ’ ಎಂದು ತಿಳಿಸಲು ಎಕ್ಸ್41. ಉದ್ದೇಶ ಗೊತ್ತಾಗದಿದ್ದರೆ ವೈ11. ವೈದ್ಯರು ಹೇಳಿದಷ್ಟೇ ತೆಗೆದುಕೊಂಡ ಅಣ್ಣನಿಗೆ ಎದೆಬಡಿತ ಹೆಚ್ಚಾದರೆ ಅದು ವಿಷಬಾಧೆಯಲ್ಲ, ಅಡ್ಡಪರಿಣಾಮ: ಆ ಲಕ್ಷಣದ ಸಂಕೇತದ ಜತೆ ವೈ49.7.

ಹೆಸರು ಕೆಡುತ್ತದೆಂದು ನುಂಗಿದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ, ಜೀವಕ್ಕೇ ಅಪಾಯ. ತಕ್ಷಣ 108ಕ್ಕೆ ಕರೆ ಮಾಡಿ. ತಾಲೂಕು ಆಸ್ಪತ್ರೆಗಾಗಲಿ, ಹುಬ್ಬಳ್ಳಿಯ ಕೆಎಂಸಿಆರ್‌ಐಗಾಗಲಿ ಹೋಗುವಾಗ ಗುಳಿಗೆಯ ಖಾಲಿ ಸ್ಟ್ರಿಪ್ಪನ್ನೂ ಒಯ್ಯಿರಿ.